ತಿಳಿಯದವರು ಕೈ ಎತ್ತಿ

“ನಾ ಒಲ್ಲೆ, ಹೋಗಲ್ಲ!” ಕೆಂಚಕ್ಕ ಚಪ್ಪರದ ಕಂಬವನ್ನು ತಬ್ಬಿಕೊಂಡು ಕೂಗಿದಳು. ಚಪ್ಪರದಡಿ ಚಿತ್ತಪ್ಪ ಮೇಷ್ಟ್ರ ಹೆಣವಿತ್ತು. ಅದರ ಪಕ್ಕದಿಂದ ಎದ್ದುಬಂದ ಮೇಷ್ಟ್ರ ಹೆಂಡತಿ ಯಲ್ಲಕ್ಕ ಹುಡುಗಿಯ ಕೈ ಬಿಡಿಸುತ್ತಿದ್ದಳು.

ಐಮಂಗಲದಲ್ಲಿ ಅವತ್ತು ಏಳನೇ ಕ್ಲಾಸಿನ ಗಣಿತದ ಪರೀಕ್ಷೆ. ಹೋದ ವರ್ಷ, ಎಪ್ಪತ್ತೈದರಲ್ಲಿ, ಕೆಂಚಕ್ಕ ಅದೇ ಗಣಿತದಲ್ಲಿ ನಪಾಸಾಗಿದ್ದಳು. ಈ ಸಲವೂ ತಪ್ಪಿದರೆ ಕುರಿ ಹಿಂದೆ ಕಳಿಸುತ್ತೇನೆಂದು ಅವಳ ಅಪ್ಪ ಜುಂಜಯ್ಯ ಖಡಾಖಂಡಿತ ಹೇಳಿಬಿಟ್ಟಿದ್ದ. ಈಗ ಅಡ್ಡ ನಿಂತವನೂ ಅವನೇ.

“ಹೆಣ ಎತ್ತಾಗಂಟ ಯಾರೂ ಹಟ್ಟಿ ದಾಟಂಗಿಲ್ಲ ಕಣಕ್ಕ. ಹೊಸದುರ್ಗದಿಂದ ನಿನ್ ಮಗಳು ಬರಾದು ಮಧ್ಯಾಹ್ನ ಆಗ್ತೈತೆ.”

“ಮೇಷ್ಟ್ರಿಲ್ದೆ ನಂಗೆ ಏನೂ ಬರಲ್ಲ,” ಎಂದು ಕೆಂಚಕ್ಕ ಬಿಕ್ಕಿದಳು.

*

ಮೇಷ್ಟ್ರ ಕ್ಲಾಸಿನ ಕಟ್ಟಳೆಯೇ ಉಲ್ಟಾ. ತಿಳಿದವರು ಸುಮ್ಮನಿರಬೇಕು, ತಿಳಿಯದವರು ಕೈ ಎತ್ತಬೇಕು. ಒಮ್ಮೆ ಇನ್‌ಸ್ಪೆಕ್ಟರು ಬಂದು ಭಿನ್ನರಾಶಿಯ ಲೆಕ್ಕ ಕೇಳಿದಾಗ ಇಡೀ ಕ್ಲಾಸು ಕೈ ಎತ್ತಿತು. ಸಾಹೇಬರು ಹಿಗ್ಗಿಹೋಗಿ ಕೆಂಚಕ್ಕನನ್ನು ಎಬ್ಬಿಸಿದರು.

“ನಂಗೆ ಗೊತ್ತಿಲ್ಲ ಸಾ,” ಎಂದಳು ಅವಳು, ಜೋರಾಗಿ.

ಸಾಹೇಬರ ಮುಖ ಇಂಗು ತಿಂದ ಮಂಗನಂತಾಯಿತು. ಮೇಷ್ಟ್ರು ಮಾತ್ರ ನಗುತ್ತಲೇ, “ಗೊತ್ತಿಲ್ಲ ಅನ್ನಾಕೆ ಹೆದರಲ್ಲ ಸಾರ್ ನಮ್ ಮಕ್ಳು. ಇನ್ನು ಕಲಿಸೋದು ನನ್ ಕೆಲ್ಸ,” ಎಂದು ಸೀಮೆಸುಣ್ಣ ಕೈಗೆತ್ತಿಕೊಂಡರು. ಆ ಲೆಕ್ಕ ಎಲ್ಲರಿಗೂ ತಿಳಿಯುವ ತನಕ ಊಟದ ಗಂಟೆ ಹೊಡೆಸಲಿಲ್ಲ, ಸಾಹೇಬರಿಗೂ ಬಿಡುಗಡೆಯಿರಲಿಲ್ಲ. ಅಂಥ ಮೇಷ್ಟ್ರು ಹತ್ತು ಊರಿಗೊಬ್ಬರು ಸಿಕ್ಕರೂ ಪುಣ್ಯ.

*

“ನಿಂಗೆ ಬರಲ್ಲ ಅಂತ ಅವ್ರು ಒಂದಿನಾನಾದ್ರೂ ಅಂದಿದ್ರೇನೆ?” ಎಂದಳು ಯಲ್ಲಕ್ಕ. “ನಿನ್ನೆ ಸಂಜೆನೂ ಕೆಂಚಿ ಪಾಸಾಗ್ತಾಳೆ ಅಂತಿದ್ರು.”

ಹುಡುಗಿ ಕಂಬ ಬಿಟ್ಟಳು. ಅವಳ ಕೈ ಹಿಡಿದು ಯಲ್ಲಕ್ಕ ಹಟ್ಟಿಯ ಬೇಲಿಯತ್ತ ನಡೆದಳು. ಗಂಡನ ಹೆಣ ಬಿಟ್ಟು ಹೊರಟವಳನ್ನು ಕಂಡು ಹೆಂಗಸರು ಅಳುವುದನ್ನೂ ಮರೆತರು. ಬೇಲಿಯ ಆಚೆಗೆ ತಾನೇ ಮೊದಲು ಕಾಲಿಟ್ಟು, “ದೋಷ ತಟ್ಟಾದಿದ್ರೆ ನಂಗೇ ತಟ್ಲಿ. ನೀ ನಡಿ,” ಎಂದಳು.

ಸಂಜೆ ಗುಂಡಿಯ ಸುತ್ತ ಜನ ಮಣ್ಣು ಹಿಡಿದು ನಿಂತಿದ್ದರು. “ತಡೀರಲೇ, ನನ್ ಮಗಳು ಬರ್ತೈತೆ,” ಎಂದ ಜುಂಜಯ್ಯ. ಹೆದ್ದಾರಿ ಕಡೆಯಿಂದ ಕೆಂಚಕ್ಕ ಓಡಿಬಂದಳು.

“ಎಲ್ಲಾ ಮಾಡಿದೇನಮ್ಮಾ?”

“ಎರಡು ಲೆಕ್ಕ ತಿಳೀಲಿಲ್ಲಪ್ಪ. ಅವನ್ನ ಬಿಟ್ಟು ಮಿಕ್ಕಿದ್ವು ಮಾಡ್ದೆ.” ಅವಳು ತಲೆ ತಗ್ಗಿಸಲಿಲ್ಲ.

ಜುಂಜಯ್ಯ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ. ಗುಂಡಿಗೆ ಬಿದ್ದ ಮೊದಲ ಹಿಡಿ ಮಣ್ಣು ಶಾಯಿ ಮೆತ್ತಿದ ಆ ಪುಟ್ಟ ಕೈಯದು.