ನಿಮಿಷಕ್ಕೆ ಇಪ್ಪತ್ತು

"ಇಪ್ಪತ್ತು! ಬರೇ ಇಪ್ಪತ್ತು!" ದತ್ತಪ್ಪ ಕೈಗಡಿಯಾರದಿಂದ ಕಣ್ಣೆತ್ತಿ ಕೂಗಿದ. "ಮಧ್ಯಾಹ್ನ ನಿಮಿಷಕ್ಕ ಅರವತ್ತು ಹನಿ ಬೀಳ್ಲಾಕತ್ತಿತ್ತು. ಕಮಲಾಪುರದ ಬಡವರು ಅಂತ ಈಗ ಕೈ ಬಿಗಿ ಹಿಡ್ದೀರೇನು?"

ಸಿಸ್ಟರ್ ಗೌಸಿಯಾ ತಿರುಗಿಯೂ ನೋಡಲಿಲ್ಲ. "ಸರಿನೇ ಅದ. ನಿಮಗ ತಿಳ್ಯಂಗಿಲ್ಲ, ಸುಮ್ನ ಕೂಡ್ರಿ," ಎಂದು ಮುಂದಿನ ಮಂಚಕ್ಕೆ ಹೋದಳು.

ಕಲಬುರಗಿಯ ಆ ಸಣ್ಣ ಆಸ್ಪತ್ರೆಯಲ್ಲಿ ಇಡೀ ವಾರ್ಡಿಗೆ ಅವಳೊಬ್ಬಳೇ ನರ್ಸು. ಸಲೈನ್ ಬಾಟಲಿ ಕಾಯುವ ಕೆಲಸ ಜೊತೆಗೆ ಬಂದವರದ್ದು. ವಾಂತಿಭೇದಿಯಿಂದ ಬಸವಳಿದ ರಮಾಬಾಯಿಯನ್ನು ಬೆಳಿಗ್ಗೆ ಸೇರಿಸಿದಾಗ, ಅವಳ ಗಂಡ ದತ್ತಪ್ಪನಿಗೆ ಹನಿ ಎಣಿಸಲು ಕಲಿಸಿದವಳೂ ಗೌಸಿಯಾಳೇ. ರಮಾಬಾಯಿಯ ಹೃದಯ ಮೊದಲೇ ಸೋತದ್ದು, ಹೆಚ್ಚು ನೀರು ತಡೆಯದು. ಹಾಗಾಗಿ ಡಾಕ್ಟರು ಬರೆದದ್ದು ಗಂಟೆಗೆ ಅರವತ್ತು ಎಂ.ಎಲ್. ಮಾತ್ರ. ಸಣ್ಣ ಹನಿಯ ನಳಿಕೆಯಲ್ಲಿ ಅದು ನಿಮಿಷಕ್ಕೆ ಅರವತ್ತು ಹನಿ. ಸಂಜೆ ಆ ನಳಿಕೆ ಕಟ್ಟಿಕೊಂಡಿತು. ಸ್ಟೋರಿನಲ್ಲಿ ಉಳಿದದ್ದು ದೊಡ್ಡ ಹನಿಯದು, ಗೌಸಿಯಾ ಅದನ್ನೇ ಹಾಕಿದ್ದಳು. ಅದರ ಒಂದು ಹನಿ ಹಳೆಯ ಮೂರಕ್ಕೆ ಸಮ, ಇಪ್ಪತ್ತು ಬಿದ್ದರೆ ಅಷ್ಟೇ ನೀರು. ಇಷ್ಟು ಹೇಳಲು ಎಷ್ಟು ಹೊತ್ತು ಬೇಕಿತ್ತು? ಆದರೆ ದಣಿದವರಿಗೆ, ಎದುರಿಗಿದ್ದವನ ತಲೆ ಖಾಲಿ ಎಂದುಕೊಳ್ಳುವುದೇ ಸುಲಭ.

ದತ್ತಪ್ಪನಿಗೋ ಮೂಗಿನ ತುದಿಯಲ್ಲೇ ಸಿಟ್ಟು. ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುವವನಿಗೆ 'ನಿನಗೇನು ತಿಳೀತದ' ಅನ್ನುವವರು ದಿನವೂ ಸಿಗುತ್ತಾರೆ. ಹೆಂಡತಿಯ ಜೀವದ ವಿಷಯದಲ್ಲೂ ಅದನ್ನೇ ಕೇಳಿಕೊಂಡು ಕೂರಬೇಕೆ? ಗೌಸಿಯಾ ಮರೆಯಾದದ್ದೇ, ಹನಿ ಹೆಚ್ಚುಕಡಿಮೆ ಮಾಡುವ ನಳಿಕೆಯ ಗಾಲಿ ತಿರುವಿ, ಗಡಿಯಾರ ನೋಡುತ್ತ, ಸರಿಯಾಗಿ ಅರವತ್ತಕ್ಕೆ ತಂದು ನಿಲ್ಲಿಸಿದ.

ಗಂಟೆ ಕಳೆದಿರಬೇಕು. ರಮಾಬಾಯಿ ದಡಕ್ಕನೆ ಎದ್ದು ಕೂತು ಉಸಿರಿಗೆ ಬಾಯಿ ಬಿಡತೊಡಗಿದಳು. ಓಡಿ ಬಂದ ಗೌಸಿಯಾ ಮೊದಲು ಗಾಲಿ ಬಿಗಿದಳು. ಆಕ್ಸಿಜನ್ ಹಾಕಿದರು, ಡಾಕ್ಟರು ಇಂಜೆಕ್ಷನ್ ಕೊಟ್ಟರು. ಹೋದ ಜೀವ ಮರಳಿ ಬಂದಂತಾಯಿತು.

"ಯಾ ಅಲ್ಲಾ, ಯಾರು ಮುಟ್ಟಿದ್ರಿ ಇದನ್ನ?" ಗೌಸಿಯಾ ಕಿರುಚಿದಳು. "ಈ ನಳಿಗಿ ಹನಿ ಮೂರು ಪಟ್ಟು ದೊಡ್ಡದದ! ಮೂರು ತಾಸಿನ ನೀರು ಒಂದೇ ತಾಸಿನಾಗ ಒಳಗ ಹೋಗ್ಯದ. ಕೊಂದೇ ಬಿಡ್ತಿದ್ರಲ್ಲ ಅಕಿನ್ನ!"

ದತ್ತಪ್ಪನ ದನಿ ಇಳಿಯಲಿಲ್ಲ. "ಅರವತ್ತು ಅಂತ ಕಲಿಸ್ದವರು ಯಾರು? ಹನಿ ದೊಡ್ಡದಾಗ್ಯದ ಅಂತ ಒಂದು ಮಾತು ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು?"

ರಮಾಬಾಯಿ ಮಾಸ್ಕನ್ನು ಕಿತ್ತು ಗದ್ದಕ್ಕಿಳಿಸಿದಳು.

"ನಿಮ್ಮಿಬ್ಬರ ಜಗಳಕ್ಕ ಬೆಂಕಿ ಹಚ್ಚ. ಸಾಯ್ಲಾಕತ್ತಿದ್ದಾಕಿ ನಾನು. ನನಗ ಹೇಳಿರೇನು ಒಬ್ಬರಾದ್ರೂ?"

ನಳಿಕೆ ಬಿಚ್ಚಲೆಂದು ಗೌಸಿಯಾ ಬಗ್ಗಿದಾಗ, ರಮಾಬಾಯಿ ಅದರ ಗಾಲಿಯನ್ನು ಮುಷ್ಟಿಯೊಳಗೆ ಹಿಡಿದುಕೊಂಡಿದ್ದಳು. ಬಿಡಲಿಲ್ಲ. ಗೌಸಿಯಾ ಮಾಸ್ಕನ್ನು ಸರಿಪಡಿಸಿ, ಸ್ಟೂಲು ಎಳೆದುಕೊಂಡು ಕುಳಿತು, ತಗ್ಗಿದ ದನಿಯಲ್ಲಿ ಶುರು ಮಾಡಿದಳು. "ನೋಡ್ರಿ ಅಮ್ಮ, ಸಣ್ಣ ಹನಿ ಮೂರು ಬಿದ್ರ..."

ದತ್ತಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತು ಕೇಳಿಸಿಕೊಂಡ. ರಮಾಬಾಯಿಯ ಮುಷ್ಟಿ ಇನ್ನೂ ಬಿಗಿಯಾಗಿಯೇ ಇತ್ತು.