ಮೂರು ಕೂಗು

ನಾನು ಕೋರ್ಟಿನ ಬಾಗಿಲಿಗೆ ಬಂದಾಗಲೆಲ್ಲ ಅವನು ಅಂಗಿಯ ಕೊರಳಗುಂಡಿ ಹಾಕಿಕೊಂಡು ಎದ್ದು ನಿಲ್ಲುತ್ತಿದ್ದ. ಕೂಗಿದ್ದು ಬೇರೆಯವರ ಹೆಸರೆಂದು ತಿಳಿದೊಡನೆ ಗುಂಡಿ ಬಿಚ್ಚಿ, ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಮತ್ತೆ ಕೂರುತ್ತಿದ್ದ.

ಅವನ ಹೆಸರು ತೆಮೀರ್. ಕಡಲಾಚೆಯ ದೇಶದವನು, ಅಲ್ಲಿ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದನಂತೆ. ದೊರೆಗೆ ಆಗದ ಹಾಳೆಯೊಂದನ್ನು ಅಚ್ಚು ಹಾಕಿ, ತಲೆ ಉಳಿಸಿಕೊಳ್ಳಲು ನಮ್ಮ ಬಂದರಿಗೆ ಬಂದಿದ್ದ. ಅವನನ್ನು ಒಪ್ಪಿಸಿ ಎಂದು ಆ ದೇಶ ಕೇಳಿತು, ನಮ್ಮ ಸರ್ಕಾರ ಹೂಂ ಎಂದಿತು. ಕಳಿಸಬೇಡಿ ಎಂದು ಅವನು ಕೋರ್ಟಿಗೆ ಅರ್ಜಿ ಹಾಕಿಕೊಂಡ. ತಡೆಯುವ ಅಧಿಕಾರವಿದ್ದದ್ದು ನಮ್ಮ ಜಡ್ಜ್ ಸಾಹೇಬರೊಬ್ಬರಿಗೇ. ಅವನ ಪರ ನಿಲ್ಲಲು ಊರಿನ ಯಾವ ವಕೀಲರೂ ಒಪ್ಪಿರಲಿಲ್ಲ.

ನಾನು ಅಲ್ಲಿ ಜವಾನ. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು ನನ್ನ ಕೆಲಸ. ಮೂರು ಕೂಗಿಗೂ ಬಾರದಿದ್ದರೆ ಅರ್ಜಿ ವಜಾ. ಹೆಸರು ಕೂಗುವ ತನಕ ಅಲ್ಲಾಡಬೇಡ ಎಂದು, ನಮ್ಮ ಮಾತು ಬಾರದ ಅವನಿಗೆ ಕೈಸನ್ನೆಯಲ್ಲಿ ನಾನೇ ಕಲಿಸಿದ್ದೆ.

ತೀರ್ಪಿನ ದಿನ ಶಿರಸ್ತೇದಾರ್ ಸೇತುರಾಮಯ್ಯನವರು ನನ್ನನ್ನು ಕಂಬದ ಮರೆಗೆ ಕರೆದರು.

“ಅವನದನ್ನ ಮೆಲ್ಲಗೆ ಕೂಗಯ್ಯ.”

“ಮೆಲ್ಲಗೆ ಅಂದ್ರೆ ಅದು ಕೂಗು ಹೆಂಗಾಯ್ತದೆ ಸ್ವಾಮಿ?”

“ಓಹೋ, ನೀನೇ ಜಡ್ಜು! ಎರಡು ಸರ್ಕಾರ ಸ್ನೇಹವಾಗಿರೋವಾಗ ನಡುವೆ ನಿಂದೇನು? ಮೇಲಿನವರ ಮಾತಿದು. ನಿನ್ನ ಮಗನ ಕಾಗದ ಇನ್ನೂ ನನ್ನ ಮೇಜಿನ ಮೇಲೇ ಇದೆ, ಮರೀಬೇಡ.”

ಮಗನ ಕೆಲಸ ಖಾಯಂ ಆಗಬೇಕಿತ್ತು. ಬಾಗಿಲಿಗೆ ಹೋದೆ. ಹೊಂಗೆಮರಕ್ಕೆ ಬೆನ್ನು ತಿರುಗಿಸಿ, ಗೋಡೆಗೆ ಹೇಳುವವನಂತೆ ಮೂರು ಸಲ ಹೇಳಿದೆ.

“ಬಂದನೇನಯ್ಯ?” ಎಂದರು ಸಾಹೇಬರು.

“ಇಲ್ಲ ಸ್ವಾಮಿ.”

“ಸರಿಯಾಗಿ ಕೂಗಿದೆಯಾ?”

“ಕೂಗಿದೆ ಸ್ವಾಮಿ.”

ಮುಂದಿದ್ದ ಹಾಳೆಯೊಂದನ್ನು ಹರಿದು ಬುಟ್ಟಿಗೆ ಹಾಕಿದರು. ಆಮೇಲೆ ವಜಾ ಎಂದು ಬರೆದರು.

ಊಟದ ಬಿಡುವಿನಲ್ಲಿ ಮೇಜು ಒರೆಸುವಾಗ ಕಸದ ಬುಟ್ಟಿಯಲ್ಲಿ ಎರಡಾಗಿ ಹರಿದ ಹಾಳೆ ಕಂಡಿತು. ನನಗೆ ಬರುವುದು ಕೂಡಿಸಿ ಕೂಡಿಸಿ ಓದುವಷ್ಟೇ ಅಕ್ಷರ. ಸಾಹೇಬರ ಕೈಬರಹ: “ಪ್ರಾಣಕ್ಕೆ ಅಪಾಯವಿರುವಲ್ಲಿಗೆ ಯಾರನ್ನೂ ಕಳಿಸೆವೆಂದು ಹೊರದೇಶಗಳ ಮುಂದೆ ನಮ್ಮ ದೇಶ ರುಜು ಹಾಕಿದೆ. ಆ ಮಾತಿಗೆ ಸರ್ಕಾರವೂ ಬದ್ಧ. ಈತನನ್ನು ಒಪ್ಪಿಸಕೂಡದು.”

ಸಾಹೇಬರು ಒಳಕೋಣೆಯಲ್ಲೇ ಇದ್ದರು. ಬಾಗಿಲು ತಟ್ಟಿ ನಿಜ ಹೇಳಿದ್ದರೆ ಸಾಕಿತ್ತು. ನಾನು ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋಗಿ ಸುರಿದು ಬಂದೆ.

ಮಗನ ಕೆಲಸ ಖಾಯಂ ಆಯಿತು. ಅವನ ಮನೆಯ ಅನ್ನವನ್ನೇ ಈಗಲೂ ಉಣ್ಣುತ್ತಿದ್ದೇನೆ.

ಅರ್ಜಿ ವಜಾ ಆದ ಆ ಸಂಜೆ ಬಾಗಿಲು ಹಾಕಲೆಂದು ಹೊರಗೆ ಬಂದೆ. ನನ್ನ ಹಿಂದೆ ಇಬ್ಬರು ಪೊಲೀಸರಿದ್ದರು. ಅಂಗಳದಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ನನ್ನನ್ನು ಕಂಡ ತೆಮೀರ್, ಇನ್ನು ತನ್ನದೇ ಸರದಿಯೆಂದು ನಕ್ಕು, ಎದ್ದು ನಿಂತು ಕೊರಳಗುಂಡಿ ಹಾಕಿಕೊಂಡ.