ಹಾಡಿನ ಕೆಳಗೆ

ಹಳೇ ವಿಡಿಯೋ ಕ್ಯಾಸೆಟ್ಟುಗಳನ್ನು ಡಿಸ್ಕಿಗೆ ಇಳಿಸಿಕೊಡುವ ಅಂಗಡಿ ನನ್ನದು, ನಾಗಸಂದ್ರ ಮೆಟ್ರೋ ಹತ್ತಿರದ ಗಲ್ಲಿಯಲ್ಲಿ. ಬರುವವರಿಗೆಲ್ಲ ಒಂದೇ ಹುಚ್ಚು, ವಿಡಿಯೋದಿಂದ ಬೇಡದವರನ್ನು ಕತ್ತರಿಸಬೇಕು. ಮಾತು ಬಿಟ್ಟ ಬೀಗರು, ಸೈಟಿಗಾಗಿ ಕೋರ್ಟು ಹತ್ತಿದ ತಮ್ಮ. ಒಬ್ಬರಂತೂ ಮಗನ ಮದುವೆಯಲ್ಲಿ ಸೊಸೆಯೇ ಬೇಡ ಎಂದರು. ಹಾಗಾದರೆ ತಾಳಿ ಯಾರಿಗೆ ಕಟ್ಟಿಸಲಿ ಸ್ವಾಮಿ ಎಂದು ರೇಗಿದ್ದೆ.

ಭಾಗ್ಯಮ್ಮ ಕೇಳಿದ್ದು ಬೇರೆ. ನಮ್ಮ ಗಲ್ಲಿಯ ಹಿಂದೆ ಅವರ ರಾಗಿ ಹೊಲವಿತ್ತು; ಈಗ ಅಲ್ಲಿ ಅವರದೇ ಬಾಡಿಗೆ ಮನೆಗಳ ಸಾಲಿದೆ. ಕ್ಯಾಸೆಟ್ಟೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದರು. ತೊಂಬತ್ತಾರನೇ ಇಸವಿಯಲ್ಲಿ ನಡೆದ ಅವರ ತಮ್ಮ ಶ್ರೀಧರನ ಮದುವೆ.

"ಇದ್ರಲ್ಲಿ ನನ್ ಮಗ್ಳು ಕೃಪಾ ಅವ್ಳೆ ಸಾರ್. ಆಗ ಏಳ್ ವರ್ಸ. ಮಾರ್ನೇ ವರ್ಸ ಜ್ವರ ಬಂದು ಓಗ್ಬುಟ್ಲು. ಕ್ಯಾಮ್ರಾ ಮುಂದೆ ನಿಂತ್ಕಂಡು ಏನೋ ಏಳ್ತಾಳೆ. ಆದ್ರೆ ಮ್ಯಾಲೆ ಸಿನ್ಮಾ ಪದ ಆಕವ್ರೆ. ಆ ಪದ ತೆಗೆದ್ಬುಟ್ರೆ ಕೆಳಗೆ ಅವ್ಳ್ ದನಿ ಇರ್ತದಲ್ವಾ? ಅದೊಂದು ಕೇಳಿಸ್ಬುಡಿ. ಅವ್ಳ್ ದನಿ ನೆನಪ್ ಮಾಡ್ಕಳಕ್ಕೋದ್ರೆ ನಂಗೆ ಆ ಪದಾನೇ ಬತ್ತದೆ."

ಕ್ಯಾಸೆಟ್ಟಿನ ಮೇಲೆ ಅಂಟಿಸಿದ್ದ ಚೀಟಿ ನೋಡಿದೆ. ಅದು ನನ್ನದೇ ಅಕ್ಷರ. ಆಗ ಗಡಿಯಾರದ ಕಾರ್ಖಾನೆಯಲ್ಲಿದ್ದೆ, ರಜೆ ಹಾಕಿ ಮದುವೆಗಳ ವಿಡಿಯೋ ತೆಗೆಯುತ್ತಿದ್ದೆ. ಜನರ ಮಾತು, ಪಾತ್ರೆ ಸದ್ದು ಯಾರಿಗೆ ಬೇಕು ಎಂದು ಉದ್ದಕ್ಕೂ ಹಾಡು ತುಂಬುತ್ತಿದ್ದೆ. ಮದುವೆ ಮನೆಯವರಿಗೂ ಅದೇ ಬೇಕಿತ್ತು. ಹಾಡಿಲ್ಲದಿದ್ದರೆ ಸಾವಿನ ಮನೆ ಇದ್ದ ಹಾಗಿದೆ ಎನ್ನುತ್ತಿದ್ದರು. ಆದರೆ ನನ್ನ ಯಂತ್ರದಲ್ಲಿ ಹಾಡು ಮಾತಿನ ಮೇಲೆ ಕೂರುತ್ತಿರಲಿಲ್ಲ. ಮಾತನ್ನು ಅಳಿಸಿ ಆ ಜಾಗದಲ್ಲಿ ಕೂರುತ್ತಿತ್ತು. ಕೆಳಗೆ ಏನೂ ಉಳಿಯುತ್ತಿರಲಿಲ್ಲ. ಕ್ಯಾಮೆರಾದ ಮೂಲ ಟೇಪಿನ ಮೇಲೆ ಮುಂದಿನ ವಾರವೇ ಇನ್ನಾರದೋ ಮದುವೆ ತೆಗೆದಿರುತ್ತಿದ್ದೆ.

ಹೇಳುವ ಧೈರ್ಯ ಬರದೆ ಟೇಪು ಹಾಕಿದೆ. ಜರಿ ಲಂಗದ ಹುಡುಗಿ, ಮುಂದಿನ ಎರಡು ಹಲ್ಲಿಲ್ಲ, ಕೈಯಲ್ಲಿ ಅರ್ಧ ತಿಂದ ಲಾಡು. ಸೊಂಟದ ಮೇಲೆ ಕೈಯಿಟ್ಟು ಒಂದೇ ಸಮನೆ ಮಾತಾಡುತ್ತಾಳೆ, ನಗುತ್ತಾಳೆ, ಮತ್ತೆ ಮಾತಾಡುತ್ತಾಳೆ. ಅವಳು ಬಾಯಿ ತೆರೆದಾಗಲೆಲ್ಲ ಯಾರೋ ಗಾಯಕಿ ಹಾಡುತ್ತಾಳೆ.

"ಟೇಪಿಗೆ ಬೂಷ್ಟು ಹಿಡ್ದಿದೆ ಭಾಗ್ಯಮ್ಮನವ್ರೇ. ಮಾತೆಲ್ಲ ಹೋಗ್ಬಿಟ್ಟಿದೆ," ಎಂದೆ.

ಅವರು ಪರದೆ ನೋಡುತ್ತಲೇ ಕೇಳಿದರು. "ಬೂಷ್ಟಿಗೆ ಪದ ಒಂದ್ ಬ್ಯಾಡ್ವಾಯ್ತಾ ಸಾರ್?"

ನಾಚಿಕೆಯಿಂದ ಕುಗ್ಗಿಹೋದೆ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ವಿಡಿಯೋ ತೆಗೆದವನು ನಾನೇ, ಆ ಮಗುವಿನ ದನಿ ಅಳಿಸಿದವನೂ ನಾನೇ, ಇನ್ನು ಯಾವ ಕಂಪ್ಯೂಟರಿಗೂ ಅದು ಸಿಗುವುದಿಲ್ಲ ಎಂದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನೀವೇ ಅಂತ ಗೊತ್ತಿದ್ದೇ ಬಂದೆ," ಎಂದರು ಭಾಗ್ಯಮ್ಮ. "ಆಕ್ದೋರ್ಗೆ ತೆಗೆಯಕ್ಕೂ ಬತ್ತದೆ ಅನ್ಕಂಡಿದ್ದೆ."

ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಓಗ್ಲಿ ಬುಡಿ. ಕ್ಯಾಮ್ರಾ ಇಡ್ಕಂಡಿದ್ದೋರು ನೀವು. ಅವ್ಳು ಮಾತಾಡಿದ್ದು ನಿಮ್ ಕೂಡೆ ತಾನೆ? ನೀವೇ ಬಾಯಲ್ಲಿ ಏಳ್ಬುಡಿ ಸಾರ್. ಏನಂದ್ಲು?"

ಆ ಮದುವೆಯಲ್ಲಿ ಬ್ಯಾಟರಿ ಕೈಕೊಟ್ಟದ್ದು ನೆನಪಿದೆ. ಲೈಟ್ ಹಿಡಿದ ಮರೆಪ್ಪನ ಮೇಲೆ ಹರಿಹಾಯ್ದದ್ದು ನೆನಪಿದೆ. ಮಗು ಆಡಿದ ಮಾತು ಒಂದೇ ಒಂದಾದರೂ ನೆನಪಿಗೆ ಬರಲಿಲ್ಲ. ಏನಾದರೊಂದು ಕಟ್ಟಿ ಹೇಳಬಹುದಿತ್ತು, ಅವರು ನಂಬಿಬಿಡುತ್ತಿದ್ದರು. ಅದಕ್ಕೇ ಹೇಳಲಾಗಲಿಲ್ಲ. ಅವರು ನನ್ನ ಬಾಯನ್ನೇ ನೋಡುತ್ತ ಕಾಯುತ್ತಿದ್ದರು.

"ನೆನಪಿಲ್ಲ ತಾಯಿ," ಎಂದವನು ಅವರ ಎದುರೇ ಅತ್ತುಬಿಟ್ಟೆ.